ಲಾಂಗ್ ಬೆಲ್ ಆದ ಮೇಲೆ

ಹಳೇ ಮೈಸೂರು ಸೀಮೆಯಲ್ಲಿ ಹೆಂಚಿನ ಹೈಸ್ಕೂಲು ಕಟ್ಟಡಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಆ ಜಾಗದಲ್ಲಿ ಆರ್‌ಸಿಸಿ ಕೊಠಡಿಗಳು ಏಳುತ್ತಿವೆ. ಸೋರುವ ಸೂರಿನಡಿ ಕೂತು ಓದಿದ ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳಲಾರರು. ಆದರೆ ಆ ಕಟ್ಟಡಗಳು ಎರಡು ಪಾಳಿಯಲ್ಲಿ ದುಡಿಯುತ್ತಿದ್ದವು ಎಂಬುದು ಕೆಡಹುವವರಿಗೂ ಕಟ್ಟುವವರಿಗೂ ಗೊತ್ತಿದ್ದಂತಿಲ್ಲ. ಹಗಲು ಪಾಠ, ಸಂಕ್ರಾಂತಿ ಕಳೆದು ಪರೀಕ್ಷೆ ಹತ್ತಿರವಾದಂತೆ ರಾತ್ರಿ ಎಸ್ಸೆಸ್ಸೆಲ್ಸಿ ಹುಡುಗರ ಓದು, ಅಲ್ಲೇ ನಿದ್ದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದೇವೆ. ಇಲಾಖೆ ಹೇಳಿ ಮಾಡಿಸಿದ್ದಲ್ಲವಾದ್ದರಿಂದ ಯಾವ ಕಡತದಲ್ಲೂ ಅದು ಸಿಗುವುದಿಲ್ಲ. ದಿನಾ ಮನೆಯಿಂದ ಹೋಗಿ ಬರುವ ಹಳ್ಳಿ ಮಕ್ಕಳಿಗೆ ಆಮೇಲಿನ ಸರ್ಕಾರಗಳು ಕೊಟ್ಟಿದ್ದು ಕಡಿಮೆಯೇನಲ್ಲ. ಆದರೂ ಲಾಂಗ್ ಬೆಲ್ ಆದ ಮೇಲಿನ ಹೊತ್ತನ್ನು ತನ್ನದೆಂದು ನೋಡಿಕೊಳ್ಳುತ್ತಿದ್ದ ಒಬ್ಬನಿದ್ದ, ಅವನ ಜಾಗ ಇವತ್ತಿಗೂ ಖಾಲಿಯಿದೆ ಎಂಬುದೇ ನನ್ನ ತಕರಾರು.

ಆ ಒಬ್ಬ ಸಾಮಾನ್ಯವಾಗಿ ಲೆಕ್ಕದ ಮೇಷ್ಟ್ರು. ಊರಲ್ಲೇ ಬಾಡಿಗೆ ಮನೆ; ಉಂಡು, ಪಂಚೆ ಉಟ್ಟು, ಟಾರ್ಚು ಹಿಡಿದು ಎಂಟರ ಹೊತ್ತಿಗೆ ಶಾಲೆಗೆ ಬರುವರು. ಅಷ್ಟರಲ್ಲಿ ಹುಡುಗರು ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜಿ, ಸೀಳು ಬಿಟ್ಟ ಕಡೆ ಕಾಗದ ಮೆತ್ತಿ, ಬತ್ತಿಯ ಕರಿ ತುದಿ ಕತ್ತರಿಸಿ ಇಟ್ಟಿರಬೇಕು. ಸೀಮೆಎಣ್ಣೆ ಹೊಗೆ, ಕಂಬಳಿಯ ಕಮಟು, ತೋಳಿಗಂಟಿದ ಹುಳಿಸಾರಿನ ವಾಸನೆ ಎಲ್ಲ ಸೇರಿದ ಆ ಗಾಳಿಯನ್ನು ಉಸಿರಾಡಿದವರ ಮೂಗಿನ ಹೊಳ್ಳೆ ಬೆಳಗಾಗುವಾಗ ಕಪ್ಪಗಿರುತ್ತಿತ್ತು. ಪ್ರಮೇಯ ಬಾಯಿಪಾಠ ಮಾಡಿಸುವುದು ಸುಲಭದ ಕೆಲಸ. ಹುಡುಗನನ್ನು ಅಪ್ಪನ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟದ್ದು. ಅದಕ್ಕಾಗಿ ಮೇಷ್ಟ್ರು ಕಣದವರೆಗೂ ಹೋಗಿ ಚೌಕಾಸಿಗೆ ಕೂರುತ್ತಿದ್ದರು. "ಕಣದ ಕೆಲ್ಸ ಮುಗಿಯೋಗಂಟ ಎಂಟು ದಿನ ಬುಡಿ ಸಾ, ಆಮ್ಯಾಕೆ ಅವ್ನು ನಿಮ್ಮೋನೆ" ಎಂದು ಅಪ್ಪ. "ಎಂಟು ದಿನಕ್ಕೆ ಬೀಜಗಣಿತಾನೇ ಮರ್ತುಬಿಡ್ತಾನೆ ಕಣಪ್ಪ, ಮೂರು ದಿನ ಇಟ್ಕೊ" ಎಂದು ಮೇಷ್ಟ್ರು. ಕೊನೆಗೆ ಐದಕ್ಕೆ ಕುದುರುತ್ತಿತ್ತು, ರೇಷನ್ ಸೀಮೆಎಣ್ಣೆ ಒಂದು ಬಾಟಲಿ ಮೇಲುಗೊಡುಗೆ. ಈ ಚೌಕಾಸಿಯಲ್ಲಿ ಗೆದ್ದವರಾರು ಎಂಬುದು ಮುಖ್ಯವಲ್ಲ. ಹುಡುಗನ ಸಂಜೆಗೆ ಮನೆಯ ಹೊರಗೆ ಇನ್ನೊಬ್ಬ ಹಕ್ಕುದಾರ ಇದ್ದಾನೆಂದು ಊರು ಒಪ್ಪಿತ್ತು.

ಇದನ್ನು ಸತ್ಯಯುಗ ಎನ್ನಲು ಹೊರಟರೆ ನೆನಪೇ ಅಡ್ಡ ಬರುತ್ತದೆ. ಆ ಲಾಟೀನಿನ ಸುತ್ತ ಒಬ್ಬಳೂ ಹುಡುಗಿ ಇರುತ್ತಿರಲಿಲ್ಲ. ಕತ್ತಲಾಗುವ ಮುಂಚೆ ಅವಳು ಮನೆ ಸೇರಬೇಕು. ಸೇರಿದರೆ ಒಲೆ, ನೀರು, ತಮ್ಮನನ್ನು ಎತ್ತಿಕೊಳ್ಳುವುದು. ಚಾಪೆ ಹಾಸುವಾಗ ಕೇರಿಗಳ ಅಂತರ ಶಾಲೆಯ ಒಳಗೂ ಹಾಸಿಕೊಳ್ಳುತ್ತಿತ್ತು. ಮೇಷ್ಟ್ರ ಮನೆಗೆ ಸೌದೆ ಒಡೆದು ನೀರು ಸೇದಿದ ಹುಡುಗರೂ ಉಂಟು, ಬೆತ್ತದ ಬಾಸುಂಡೆಗೆ ಹೆದರಿ ಶಾಲೆಯನ್ನೇ ಬಿಟ್ಟವರೂ ಉಂಟು. ಜೊತೆಗೆ, ಮೇಷ್ಟ್ರ ಒಳ್ಳೆಯತನವನ್ನು ನೆಚ್ಚಿದ ಏರ್ಪಾಟು ಅವರಿಗೆ ವರ್ಗವಾದ ದಿನವೇ ಮುಗಿಯುತ್ತಿತ್ತು. ಇಷ್ಟೆಲ್ಲ ಒಪ್ಪಿದರೂ ನನ್ನ ತಕರಾರು ಬಿದ್ದುಹೋಗುವುದಿಲ್ಲ. ಅನ್ಯಾಯವಿದ್ದ ಏರ್ಪಾಟನ್ನು ತಿದ್ದಿ ಎಲ್ಲರಿಗೂ ಹಂಚಬಹುದಿತ್ತು. ನಾವು ಅದನ್ನು ಹಾಗೇ ಕಳೆದುಕೊಂಡೆವು.

ಬಂದಿದ್ದೇನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. 2002ರಲ್ಲಿ ಕರ್ನಾಟಕದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿ ಹೈಸ್ಕೂಲನ್ನೂ ಮುಟ್ಟಿತು. 2006-07ರಿಂದ ಎಂಟನೇ ತರಗತಿಗೆ ಸೈಕಲ್ಲು ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು. ಖಾಲಿ ಹೊಟ್ಟೆಯಲ್ಲಿ ಮಧ್ಯಾಹ್ನ ಕಳೆಯುತ್ತಿದ್ದ, ಮೈಲಿಗಟ್ಟಲೆ ನಡೆಯುತ್ತಿದ್ದ ಮಕ್ಕಳ ಪಾಲಿಗೆ ಇವು ಸಣ್ಣವಲ್ಲ. ಲಂಗದ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ಲು ತುಳಿದು ಹೋಗುವುದನ್ನು ಹಳೆಯ ಲೆಕ್ಕದ ಮೇಷ್ಟ್ರು ಕನಸಲ್ಲೂ ಕಂಡಿರಲಿಲ್ಲ. ಆ ಸೈಕಲ್ಲೂ ಕೋವಿಡ್ ಬಂದಾಗ ನಿಂತದ್ದು ಹಳೆಯ ರೂಢಿಗೆ ಮರಳಲಿಲ್ಲ, ಅದು ಬೇರೆ ಮಾತು. ಗಮನಿಸಬೇಕಾದ್ದು, ಇವೆಲ್ಲ ಟೆಂಡರ್ ಕರೆದು ತರಬಹುದಾದ ಸಾಮಾನುಗಳು, ಶಾಲೆಯ ಗೇಟಿನವರೆಗೆ ಮುಟ್ಟಿಸುವಂಥವು. ಸಂಜೆ ಐದರಿಂದ ಎಂಟರವರೆಗೆ ಮಕ್ಕಳ ಜೊತೆ ಕೂರುವ ಮನುಷ್ಯನಿಗೆ ಟೆಂಡರ್ ಕರೆಯಲಾಗದು. ಮೇಷ್ಟ್ರುಗಳೀಗ ತಾಲ್ಲೂಕು ಕೇಂದ್ರದಿಂದ ಬೈಕಿನಲ್ಲಿ ಬಂದು, ಲಾಂಗ್ ಬೆಲ್ ಹೊಡೆದ ಹತ್ತು ನಿಮಿಷಕ್ಕೆ ಊರು ದಾಟಿರುತ್ತಾರೆ. ಅವರನ್ನು ಬೈಯುವುದು ಸುಲಭ. ಆದರೆ ತಮ್ಮ ಮಕ್ಕಳನ್ನು ಹಳದಿ ವ್ಯಾನಿಗೆ ಹತ್ತಿಸಿದ ಊರಿನ ಅನುಕೂಲಸ್ಥರು, ಮೇಷ್ಟ್ರು ಇಲ್ಲೇ ಉಳಿಯಲಿ ಎಂದು ಕೇಳುವುದನ್ನು ಅವರಿಗಿಂತ ಮೊದಲೇ ಬಿಟ್ಟಿದ್ದರು.

ಹಾಸ್ಟೆಲುಗಳಿವೆಯಲ್ಲ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ, ಅವುಗಳಿಂದ ಎಷ್ಟೋ ಮನೆ ಉದ್ಧಾರವಾಗಿವೆ. ಆದರೆ ಸೀಟು ಸಿಗದ ಮಗು, ಕಾಯಿಲೆಯ ಅಜ್ಜಿಯನ್ನೋ ಎರಡು ಮೇಕೆಯನ್ನೋ ಬಿಟ್ಟು ಬರಲಾರದ ಮಗು ದಿನಾ ಓಡಾಡಲೇಬೇಕು. ಮನೆಮನೆಗೂ ಕರೆಂಟು, ಕೈಗೊಂದು ಮೊಬೈಲು ಇರುವಾಗ ಲಾಟೀನಿನ ಮಾತೇಕೆ ಎಂಬುದು ಇನ್ನೊಂದು ಪ್ರಶ್ನೆ. ದೀಪವೇನೋ ಬಂತು, ಅದರ ಕೆಳಗೆ ಟೀವಿಯೂ ಬಂತು. ಒಂದೇ ಅಂಕಣದ ಮನೆಯಲ್ಲಿ ಧಾರಾವಾಹಿ ನಡೆಯುವಾಗ ಮಗು ಪುಸ್ತಕ ಬಿಡಿಸುವುದೆಲ್ಲಿ? ಮನೆಯ ಹೊರಗೆ ಮಕ್ಕಳನ್ನು ಕೂರಿಸಿ ಓದಿಸುವುದು ಈಗ ಆಗದ ಮಾತೆನ್ನುವವರು 2020ರ ವಿದ್ಯಾಗಮ ನೆನೆಯಲಿ. ಶಾಲೆಗಳು ಮುಚ್ಚಿದ್ದಾಗ ಅದೇ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿದರು. ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ನಿಂತಿತು. ಶಾಲೆ ತೆರೆದ ಮೇಲೆ ಆ ಜಗಲಿಗಳನ್ನು ಸಂಜೆಗೆ ಉಳಿಸಿಕೊಳ್ಳೋಣ ಎಂದು ಯಾರಿಗೂ ತೋಚಲಿಲ್ಲ. ಅದೇ ವರ್ಷ 'ಓದುವ ಬೆಳಕು' ಎಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯದೇ. ಆ ಕೋಣೆ ಎಂಟರವರೆಗೆ ತೆರೆದಿರಲಿ, ಅಲ್ಲಿ ಕೂರುವ ಮೇಲ್ವಿಚಾರಕರಿಗೆ ಆ ಹೊತ್ತಿನ ಸಂಬಳವೂ ಸಿಗಲಿ. ಪಕ್ಕದ ಹಳ್ಳಿಯ ಹುಡುಗಿಗೆ ಅದೂ ಸಾಲದು. 2023ರ ಶಕ್ತಿ ಯೋಜನೆಯಲ್ಲಿ ಅವಳ ಟಿಕೆಟ್ಟಿಗೆ ದುಡ್ಡಿಲ್ಲ, ಸರಿ. ಐದು ಗಂಟೆಯದೇ ಅವಳೂರಿನ ಕಡೆಯ ಬಸ್ಸಾದರೆ ಅವಳು ಯಾವ ಓದಿಗೂ ನಿಲ್ಲುವಂತಿಲ್ಲ. ಡಿಪೋ ಮ್ಯಾನೇಜರ್ ಹತ್ತಿರ ಕೂತು ಎಂಟೂವರೆಯ ಒಂದು ಟ್ರಿಪ್ಪಿಗೆ ಚೌಕಾಸಿ ಮಾಡಬೇಕಾದ್ದು ಈಗ ಊರಿನವರು.