ಸಾಸಿವೆ ಡಬ್ಬಿಯ ಲೆಕ್ಕ

ಊರಿಗೆ ಬ್ಯಾಂಕು ಬರುವ ಮೊದಲೇ ಕನ್ನಡನಾಡಿನ ಮನೆಗಳಲ್ಲಿ ಒಂದು ಬ್ಯಾಂಕಿತ್ತು. ಅದರ ಹೆಸರು ಸಾಸಿವೆ ಡಬ್ಬಿ. ಮೆಂತ್ಯ, ಜೀರಿಗೆ, ಮೆಣಸುಗಳ ನಡುವೆ ಸಾಧುವಿನಂತೆ ಕುಳಿತಿರುತ್ತಿದ್ದ ಆ ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆ ಮಾಡಿದ ನೋಟುಗಳಿರುತ್ತಿದ್ದವು. ಪರೀಕ್ಷೆಯ ಶುಲ್ಕ ಕಟ್ಟಲು ನಾಳೆಯೇ ಕೊನೆಯ ದಿನವೆಂದು ಮಗರಾಯ ರಾತ್ರಿ ಒಂಬತ್ತಕ್ಕೆ ಬಾಯಿಬಿಟ್ಟಾಗ, ಅಪ್ಪನ ಬೈಗುಳ ಮುಗಿಯುವಷ್ಟರಲ್ಲಿ ಅಮ್ಮ ಡಬ್ಬಿಯ ಮುಚ್ಚಳ ತೆಗೆದಾಗಿರುತ್ತಿತ್ತು. 2016ರಲ್ಲಿ ಯುಪಿಐ ಬಂದು, ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಫೋನಿನಲ್ಲೇ ದುಡ್ಡು ಕೊಡುವ ಕಾಲವಾದರೂ ಈ ಬ್ಯಾಂಕು ಎಲ್ಲ ಮನೆಗಳಲ್ಲೂ ಬಾಗಿಲು ಮುಚ್ಚಿಲ್ಲ.

ಎಲ್ಲರೂ ಈ ಡಬ್ಬಿಯನ್ನು ಹೊಗಳುತ್ತಾರೆ. ಅದು ತುಂಬಿದ್ದು ಹೇಗೆಂದು ಮಾತ್ರ ಯಾರೂ ಕೇಳುವುದಿಲ್ಲ. ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆದಿರಲೇಬೇಕು ಎಂಬುದು ಹೈಸ್ಕೂಲಿನ ಹುಡುಗರಿಗೂ ಗೊತ್ತಿರುವ ನಿಯಮ. ಸಂಬಳ ಅಷ್ಟೇ ಇದ್ದು, ದಿನಸಿಯ ಬೆಲೆ ಏರುತ್ತಲೇ ಇರುವಾಗ ಆ ನೋಟುಗಳು ಎರಡೇ ಕಡೆಯಿಂದ ಬರಲು ಸಾಧ್ಯ: ಒಂದು, ಮನೆಯಲ್ಲಿ ಪೋಲಾಗುತ್ತಿದ್ದುದರಿಂದ; ಇನ್ನೊಂದು, ಯಾರದೋ ತಟ್ಟೆಯಿಂದ.

ಯಾರ ತಟ್ಟೆಯಿಂದ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅನೇಕ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಅಮ್ಮನ ಊಟ. ಸಾರಿನ ಬೇಳೆಯೆಲ್ಲ ಮೊದಲು ಕುಳಿತವರ ಪಾಲಾಗಿ, ತಿಳಿ ಮಾತ್ರ ಆಕೆಯ ಪಾಲಿಗೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದೇ ವಯಸ್ಸಿನ ಗಂಡಸರಲ್ಲಿ ಇದು ನೂರಕ್ಕೆ 25. ಇದಕ್ಕೆ ಕಾರಣಗಳು ಹಲವು. ಆದರೆ ತಟ್ಟೆಯಲ್ಲಿ ಏನು ಬೀಳುತ್ತದೆ ಎಂಬುದು ಅವುಗಳಲ್ಲಿ ಸಣ್ಣದಲ್ಲ.

ಹಾಸನದ ಕಡೆಯ ಒಂದು ಮನೆ. ಅಪ್ಪನಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ, ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಜೊತೆಗೆ ಅಜ್ಜಿ, ಹತ್ತನೇ ತರಗತಿಗೆ ಕಾಲಿಡಲಿರುವ ಮಗಳು, ಏಳನೆಯದರ ಮಗ. ಬೇಸಿಗೆ ರಜೆಯಲ್ಲಿ ಮಗಳು ಒಂದು ನೋಟುಪುಸ್ತಕಕ್ಕೆ ಗೆರೆ ಎಳೆದು ಮನೆಯ ಖರ್ಚು ಬರೆಯತೊಡಗಿದಳು. ಮೊದಲ ತಿಂಗಳ ಕೊನೆಗೆ ಅಮ್ಮ ಹೆಮ್ಮೆಯಿಂದ, "ಈ ಸಲ ಮುನ್ನೂರು ಉಳಿಸಿದೀನಿ, ಬರ್ಕೊ" ಎಂದಳು. ಬರೆದುಕೊಂಡವಳಿಗೆ ಅನುಮಾನ ಬಂತು. ಈರುಳ್ಳಿ, ಎಣ್ಣೆ, ಬೇಳೆ ಯಾವುದರ ಖರ್ಚೂ ಇಳಿದಿರಲಿಲ್ಲ. ಇಳಿದದ್ದು ಎರಡೇ ಸಾಲು: ಹಾಲು ಮತ್ತು ಮೊಟ್ಟೆ. ತಮ್ಮನ ಲೋಟ ತುಂಬಿಯೇ ಇತ್ತು, ಅಪ್ಪನ ತಟ್ಟೆಗೆ ಮೊಟ್ಟೆ ತಪ್ಪಿರಲಿಲ್ಲ.

"ನಂಗೆ ಮೊದಲಿಂದಲೂ ಮೊಟ್ಟೆ ಅಷ್ಟಕ್ಕಷ್ಟೇ ಕಣೇ" ಎಂದಳು ಅಮ್ಮ.

ಮೂಲೆಯಲ್ಲಿ ಅವರೆಕಾಳು ಆರಿಸುತ್ತಿದ್ದ ಅಜ್ಜಿ ತಲೆಯೆತ್ತದೆ, "ಸುಳ್ಳು ಹೇಳ್ತಾಳೆ. ಮದುವೆಯಾಗಿ ಬಂದ ಹೊಸದ್ರಲ್ಲಿ ಇಷ್ಟಪಟ್ಟು ತಿಂತಿದ್ಲು" ಎಂದರು. ಅಪ್ಪ ಓದುತ್ತಿದ್ದ ಪೇಪರನ್ನು ಮಡಿಸಿ ಕೆಳಗಿಟ್ಟ.

ಆ ರಾತ್ರಿ ನೋಟುಪುಸ್ತಕದ ಮೊದಲ ಪುಟದಲ್ಲಿ ಒಂದು ನಿಯಮ ಬರೆಯಲಾಯಿತು. ಹಾಲು, ಮೊಟ್ಟೆ, ಕಾಳು, ಸೊಪ್ಪು, ಹಣ್ಣು ಇವುಗಳಲ್ಲಿ ಕಡಿತವಿಲ್ಲ, ಐದು ಜನಕ್ಕೂ ಪಾಲುಂಟು. ಉಳಿಸುವುದಿದ್ದರೆ ಸೋರುವ ಕಡೆ ಉಳಿಸಬೇಕು. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಸೋರುವುದು ಎಲ್ಲಿ ಎಂದು ತಿಳಿಯಲು ಅಳೆಯಬೇಕಾಗುತ್ತದೆ. ಅಲ್ಲಿಂದ ಮುಂದೆ ಅದು ವಿಜ್ಞಾನದ ಪಾಠ.

ಮೊದಲ ಸೋರಿಕೆ ಅಂಗಡಿಯಲ್ಲೇ. ಹಿಂದೆ ಚಹಾಪುಡಿ, ಬಿಸ್ಕತ್ತು, ಅಡುಗೆ ಎಣ್ಣೆ ಮುಂತಾದವನ್ನು ಸರ್ಕಾರ ಗೊತ್ತುಪಡಿಸಿದ ತೂಕಗಳಲ್ಲೇ ಪೊಟ್ಟಣ ಕಟ್ಟಬೇಕಿತ್ತು. 2021ರ ತಿದ್ದುಪಡಿ ಆ ಪಟ್ಟಿಯನ್ನು ತೆಗೆದುಹಾಕಿತು. ಆದ್ದರಿಂದ ಕಾಲು ಕಿಲೋ ಎಂದುಕೊಂಡು ತಂದದ್ದು ಮನೆಯಲ್ಲಿ ನೋಡಿದರೆ 230 ಗ್ರಾಂ ಇರಬಹುದು. ಪೊಟ್ಟಣದ ಗಾತ್ರ ಅದೇ, ಬೆಲೆಯೂ ಅದೇ, ಒಳಗಿನ ಗಾಳಿ ಮಾತ್ರ ಹೆಚ್ಚು. ಇದಕ್ಕೆ ಮದ್ದೂ ಅದೇ ತಿದ್ದುಪಡಿಯಲ್ಲಿದೆ: ಗರಿಷ್ಠ ಮಾರಾಟ ಬೆಲೆಯ ಜೊತೆಗೆ, ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಬಿತ್ತು ಎಂಬ ಬಿಡಿ ಬೆಲೆಯನ್ನೂ ಅಚ್ಚು ಹಾಕಬೇಕು. ಅಕ್ಷರ ಸಣ್ಣದು, ಎಳೆಯ ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ ಭಾಗಾಕಾರ ಇದ್ದೇ ಇದೆ. 200 ಗ್ರಾಂ ಪೊಟ್ಟಣಕ್ಕೆ 58 ರೂಪಾಯಿ, 500 ಗ್ರಾಂ ಪೊಟ್ಟಣಕ್ಕೆ 150 ರೂಪಾಯಿ ಎಂದುಕೊಳ್ಳಿ. ಮೊದಲನೆಯದು ಗ್ರಾಮಿಗೆ 29 ಪೈಸೆ, ಎರಡನೆಯದು 30. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂಬ ನಂಬಿಕೆ ಅಲ್ಲಿಗೆ ಮುರಿಯಿತು. ನಿಜವಾಗಿ ಅಗ್ಗವಾಗಿದ್ದರೂ, ಮೂರು ತಿಂಗಳ ಬೇಳೆ ಒಟ್ಟಿಗೆ ತಂದು ಹುಳ ಬಿದ್ದರೆ ಉಳಿದದ್ದೇನು? ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತಾಯಿತು.

ಎಣ್ಣೆಯ ವಿಷಯ ಇನ್ನೂ ಸ್ವಾರಸ್ಯದ್ದು. ಬಿಸಿಯಾದರೆ ದ್ರವ ಹಿಗ್ಗುತ್ತದೆ ಎಂಬ ಪಾಠ ಎಲ್ಲರೂ ಓದಿದ್ದೇ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 919 ಗ್ರಾಂ ತೂಗುತ್ತದೆ. 60 ಡಿಗ್ರಿಯಲ್ಲಾದರೆ ಅದೇ ಒಂದು ಲೀಟರಿನ ತೂಕ ಸುಮಾರು 893 ಗ್ರಾಂ. ಕೆಲವು ಪೊಟ್ಟಣಗಳ ಮೇಲೆ 60 ಡಿಗ್ರಿಯಂಥ ಹೆಚ್ಚಿನ ಉಷ್ಣತೆಯಲ್ಲಿ ಅಳೆದ ಲೀಟರನ್ನು ನಮೂದಿಸುತ್ತಿದ್ದುದು ಕಂಡು, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟ್‌ನಲ್ಲಿ ಉಷ್ಣತೆಯ ಮಾತು ತೆಗೆದು ಅಳತೆಯನ್ನೂ ತೂಕವನ್ನೂ ಸರಿಯಾಗಿ ನಮೂದಿಸುವಂತೆ ಸೂಚಿಸಿತು. ಅಡುಗೆಮನೆಯಲ್ಲಿ 60 ಡಿಗ್ರಿ ಯಾರೂ ಕಂಡಿಲ್ಲವಲ್ಲ! ಲೀಟರು ಹಿಗ್ಗಬಹುದು, ಗ್ರಾಂ ಹಿಗ್ಗುವುದಿಲ್ಲ. ಎಣ್ಣೆ ಕೊಳ್ಳುವಾಗ ಗ್ರಾಂ ನೋಡಿ ಕೊಳ್ಳಬೇಕು ಎಂಬುದು ಈ ಪಾಠದ ಸಾರ.

ಎರಡನೆಯ ಸೋರಿಕೆ ಒಲೆಯ ಮೇಲೆ. ಕೊತಕೊತ ಕುದಿಯುವ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆಂದು ಉರಿ ದೊಡ್ಡದು ಮಾಡುವವರೇ ಹೆಚ್ಚು. ನೀರು ಒಮ್ಮೆ ಕುದಿಯಿತೆಂದರೆ ಅದರ ಉಷ್ಣತೆ ಮತ್ತೆ ಏರುವುದಿಲ್ಲ. ಸಮುದ್ರಮಟ್ಟದಲ್ಲಿ 100 ಡಿಗ್ರಿ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97. ಉರಿ ಹೆಚ್ಚಿಸಿದರೆ ಹೆಚ್ಚುವುದು ಆವಿ ಮಾತ್ರ. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು 75 ಕ್ಯಾಲೊರಿ ಸಾಕು. ಅದೇ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು, ಅಂದರೆ ಏಳು ಪಟ್ಟು. ಮುಚ್ಚಳವಿಲ್ಲದ ಪಾತ್ರೆಯಿಂದ ಏಳುವ ಆವಿಯೆಲ್ಲ ದುಡ್ಡು ಕೊಟ್ಟು ತಂದ ಗ್ಯಾಸೇ. ಮುಚ್ಚಳ ಮುಚ್ಚಿ, ಕುದಿ ಬಂದೊಡನೆ ಉರಿ ಸಣ್ಣದು ಮಾಡಿದರೆ ಅನ್ನವೂ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ.

ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಕೆಲಸ ಬೇಗ ಆಗುತ್ತದೆ. ಅದರಲ್ಲೂ ಒಮ್ಮೆ ಒತ್ತಡ ಬಂದ ಮೇಲೆ ದೊಡ್ಡ ಉರಿ ದಂಡ. ಸೀಟಿಯ ಮೇಲೆ ಸೀಟಿ ಹೊಡೆದರೆ ಅದು ಹೆಚ್ಚಿನ ಆವಿಯನ್ನು ಹೊರದೂಡುವ ಸದ್ದು. ಹುರುಳಿ, ಕಡಲೆ, ಅಲಸಂದೆಯನ್ನು ರಾತ್ರಿಯೇ ನೆನೆಹಾಕಿದರೆ ಬೇಯುವ ಹೊತ್ತು ಇನ್ನೂ ತಗ್ಗುತ್ತದೆ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ, ಪಾತ್ರೆಯ ತಳ ಮಸಿ ಹಿಡಿದರೆ, ಬರ್ನರಿನ ತೂತುಗಳು ಕಟ್ಟಿವೆ, ಅನಿಲ ಪೂರಾ ಉರಿಯುತ್ತಿಲ್ಲ ಎಂದು ತಿಳಿಯಬೇಕು.

ಆ ಮನೆಯ ಏಳನೇ ತರಗತಿಯ ಹುಡುಗನಿಗೆ ಸಿಕ್ಕ ಕೆಲಸ ಸಿಲಿಂಡರಿನದು. ಹೊಸ ಸಿಲಿಂಡರ್ ಜೋಡಿಸಿದ ದಿನ ಕ್ಯಾಲೆಂಡರಿನಲ್ಲಿ ಒಂದು ಸುತ್ತು, ಮುಗಿದ ದಿನ ಇನ್ನೊಂದು. 14.2 ಕಿಲೋ ಅನಿಲ ಮೊದಲು ಮೂವತ್ತು ದಿನ ಬಂತು. ಮುಚ್ಚಳ, ಸಣ್ಣ ಉರಿ, ನೆನೆಸಿದ ಕಾಳು ಇವುಗಳ ಮೇಲೆ ಅವನೇ ಕಾವಲು ನಿಂತ ಮೇಲೆ ಅದೇ ಸಿಲಿಂಡರ್ ಮೂವತ್ತಾರು ದಿನ ಬಂತು. ಹೀಗೆಯೇ ಸಾಗಿದರೆ ವರ್ಷಕ್ಕೆ ಹನ್ನೆರಡು ಬೇಕಿದ್ದ ಕಡೆ ಹತ್ತು ಸಾಕು. ಆರು ದಿನವೆಂದರೆ ಏನು ಮಹಾ ಎಂದಿದ್ದ ಅಪ್ಪನೂ ಎರಡು ಸಿಲಿಂಡರಿನ ಬೆಲೆ ಕೇಳಿದ ಮೇಲೆ ಚಹಾಕ್ಕೆ ನೀರಿಡುವಾಗ ಲೋಟದಲ್ಲಿ ಅಳೆದು ಇಡತೊಡಗಿದ.

ವಿದ್ಯುತ್ತಿನದು ನೇರವಾದ ಗುಣಾಕಾರ. ಎರಡು ಸಾವಿರ ವಾಟ್‌ನ ಗೀಸರು ಒಂದು ಗಂಟೆ ಉರಿದರೆ ಎರಡು ಯೂನಿಟ್. ಒಂಬತ್ತು ವಾಟ್‌ನ ಎಲ್‌ಇಡಿ ದೀಪ ಅಷ್ಟೇ ಕರೆಂಟಿನಲ್ಲಿ 220 ಗಂಟೆಗೂ ಹೆಚ್ಚು ಉರಿಯುತ್ತದೆ. ಆದ್ದರಿಂದ ಓದುವ ಹುಡುಗಿಗೆ ದೀಪ ಆರಿಸೆಂದು ಗದರುವುದರಲ್ಲಿ ಅರ್ಥವಿಲ್ಲ. ಗೀಸರಿನ ಗುಂಡಿ ಆರಿಸಲು ಮರೆಯುವವರನ್ನು ಹಿಡಿಯಬೇಕು. ಉಳಿತಾಯವೂ ದೊಡ್ಡ ತೂತು ಮೊದಲು ಮುಚ್ಚಬೇಕಾದ ಕೆಲಸ. ಅಳೆಯದವರು ಸಣ್ಣ ತೂತಿನ ಮುಂದೆ ಕುಳಿತು ಮನೆಮಂದಿಯನ್ನೆಲ್ಲ ಗೋಳುಹೊಯ್ದುಕೊಳ್ಳುತ್ತಾರೆ.

ಇನ್ನು, ಖರ್ಚಿಲ್ಲದೆ ತಟ್ಟೆಯ ಬೆಲೆ ಹೆಚ್ಚಿಸುವ ದಾರಿಗಳೂ ಇವೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಹುರುಳಿಕಾಳಿನಲ್ಲಿ ನೂರು ಗ್ರಾಮಿಗೆ ಇಪ್ಪತ್ತು ಗ್ರಾಮಿಗೂ ಹೆಚ್ಚು ಪ್ರೋಟೀನ್ ಉಂಟು. ಹೆಸರುಕಾಳನ್ನು ಮೊಳಕೆ ಕಟ್ಟಿದರೆ, ಒಣಗಿದ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಸಿ ಜೀವಸತ್ವ ಹುಟ್ಟಿಕೊಳ್ಳುತ್ತದೆ. ಸೊಪ್ಪು, ಕಾಳುಗಳ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಅದರ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆ ಹತ್ತುತ್ತದೆ. ಊಟವಾಗಿ ಒಂದು ಗಂಟೆ ಕಳೆದ ಮೇಲೆ ಚಹಾ ಕುಡಿಯಲು ಪೈಸೆಯೂ ಬೇಕಿಲ್ಲ. ಕೊನೆಯಲ್ಲಿ ಉಣ್ಣುವವಳಿಗೆ ಈ ತಿಳಿವಳಿಕೆ ಮೊದಲು ತಲುಪಬೇಕು.

ಮಕ್ಕಳಿಗೆ ಮನೆಯ ಕಷ್ಟ ತಿಳಿಯಬಾರದೆಂದು ಅನೇಕ ತಂದೆತಾಯಂದಿರು ಲೆಕ್ಕವನ್ನು ಮುಚ್ಚಿಡುತ್ತಾರೆ. ಪ್ರೀತಿಯಿಂದಲೇ ಮುಚ್ಚಿಡುತ್ತಾರೆ, ಸರಿ. ಆದರೆ ಮುಚ್ಚಿಟ್ಟ ಲೆಕ್ಕದಲ್ಲಿ ಅಮ್ಮನ ಹಾಲಿನ ಲೋಟ ಕಾಣೆಯಾದದ್ದು ಯಾರಿಗೂ ತಿಳಿಯುವುದಿಲ್ಲ. ಇಲ್ಲದ್ದನ್ನು ಕೇಳುವ ಮಗನೂ ತುಂಬ ಸಲ ಕೆಟ್ಟವನಲ್ಲ, ತಿಳಿಯದವನು. ಶೇಕಡಾವಾರು, ಸರಾಸರಿ, ಅನುಪಾತ ಕಲಿತ ಮಕ್ಕಳಿಗೆ ತಿಂಗಳ ದಿನಸಿ ಚೀಟಿಗಿಂತ ಒಳ್ಳೆಯ ಅಭ್ಯಾಸ ಪಾಠ ಇಲ್ಲ. ಅದರ ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿ ಸಿಗುವುದಿಲ್ಲ. ಊಟಕ್ಕೆ ಕುಳಿತಾಗ ತಟ್ಟೆಗಳಲ್ಲಿ ಸಿಗುತ್ತದೆ.

ಇಪ್ಪತ್ತು ರೂಪಾಯಿಯ ಒಂದು ನೋಟುಪುಸ್ತಕ, ಒಂದು ಪೆನ್ನು ಸಾಕು. ದಿನಾಂಕ, ವಸ್ತು, ತೂಕ, ಬೆಲೆ ಎಂದು ನಾಲ್ಕು ಗೆರೆ ಎಲ್ಲರೂ ಎಳೆಯುತ್ತಾರೆ. ಐದನೆಯದೊಂದು ಗೆರೆ ಎಳೆದು, ಉಳಿದದ್ದು ಎಲ್ಲಿಂದ ಎಂದು ಬರೆಯುವುದನ್ನು ಮಕ್ಕಳು ರೂಢಿ ಮಾಡಿಕೊಳ್ಳಲಿ. ಆ ಗೆರೆಯಲ್ಲಿ ಗ್ಯಾಸು, ಗೀಸರು, ಪೊಟ್ಟಣದ ಗಾಳಿ ಬಂದರೆ ಸಂತೋಷ. ಮನೆಯವರಲ್ಲಿ ಯಾರದಾದರೂ ಊಟ ಬಂದರೆ, ಆ ಮೊತ್ತವನ್ನು ಉಳಿತಾಯದಿಂದ ಹೊಡೆದುಹಾಕಬೇಕು.