ಡಬ್ಬದ ಲೆಕ್ಕ

2005ರಲ್ಲಿ ನಾವು ಪುಣೆಯ ಕೋಥ್ರೂಡ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಹಾಲ್‌ನ ಮೂಲೆಯಲ್ಲಿ ಪೆಂಟಿಯಂ 4 ಕಂಪ್ಯೂಟರ್ ರಾತ್ರಿಯಿಡೀ ಗುಂಯ್‌ಗುಡುತ್ತಿತ್ತು. ಬೆಳಿಗ್ಗೆ ಕಾಫಿ ಕೊಡುತ್ತಾ ಹೆಂಡತಿ ಕೇಳುತ್ತಿದ್ದಳು: "ಏನ್ರೀ, ಅನ್ಯಗ್ರಹದವರು ಮಾತಾಡಿದ್ರಾ? ಕರೆಂಟ್ ಬಿಲ್ಲೂ ಅವರೇ ಕಟ್ತಾರಂತಾ?"

ನನ್ನ ಹುಚ್ಚಿನ ಹೆಸರು ಸೆಟಿ ಅಟ್ ಹೋಮ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1999ರ ಮೇ ತಿಂಗಳಲ್ಲಿ ಶುರುಮಾಡಿದ ಯೋಜನೆ. ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ ಕೇಳಿಸಿಕೊಂಡದ್ದನ್ನು ಸಣ್ಣ ತುಂಡುಗಳಾಗಿ ಮಾಡಿ ಜಗತ್ತಿನ ಮನೆಮನೆಯ ಕಂಪ್ಯೂಟರುಗಳಿಗೆ ಹಂಚುತ್ತಿದ್ದರು. ಒಂದು ತುಂಡಿನಲ್ಲಿ ಸುಮಾರು 107 ಸೆಕೆಂಡುಗಳ ಆಕಾಶದ ಸದ್ದು. ಅದರಲ್ಲಿ ಯಾರಾದರೂ ಬೇಕೆಂದೇ ಕಳಿಸಿದಂಥ ಸಂಕೇತವಿದೆಯೇ ಎಂದು ಹುಡುಕಿ ಉತ್ತರ ಕಳಿಸುವುದು ನಮ್ಮ ಯಂತ್ರದ ಕೆಲಸ. ಕೂಲಿಯಿಲ್ಲ, ಅಂಕ ಮಾತ್ರ. ಆ ಅಂಕಕ್ಕೆ ಒಂದು ಕಟಿಂಗ್ ಚಹಾ ಕೂಡ ಬರುವುದಿಲ್ಲ. ಆದರೂ ಬೆಳಿಗ್ಗೆ ಎದ್ದವನೇ ನೋಡುತ್ತಿದ್ದುದು ಅದನ್ನೇ.

ಸೆಟಿಯ ಮೂಲಕೋಡ್ ಮುಕ್ತವಾಗಿತ್ತು. ಹೊಸ ಪ್ರೊಸೆಸರುಗಳಲ್ಲಿ ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮುಗಿಸುವ ಎಸ್‌ಎಸ್‌ಇ2 ಎಂಬ ಸೌಲಭ್ಯವಿತ್ತು. ಹವ್ಯಾಸಿ ಪ್ರೋಗ್ರಾಮರುಗಳು ಅದಕ್ಕೆ ತಕ್ಕಂತೆ ಕೋಡ್ ತಿದ್ದಿ, ವೇಗದ ಆವೃತ್ತಿಗಳನ್ನು ಹಂಚುತ್ತಿದ್ದರು. ನಾನೂ ಒಂದನ್ನು ಹಾಕಿಕೊಂಡೆ. ಒಂದು ತುಂಡಿಗೆ ನಾಲ್ಕು ಗಂಟೆ ಹಿಡಿಯುತ್ತಿದ್ದ ಯಂತ್ರ ಎರಡೇ ಗಂಟೆಯಲ್ಲಿ ಮುಗಿಸತೊಡಗಿತು. ಹಿಗ್ಗಿ ಅಂಕ ನೋಡಿದರೆ, ತುಂಡಿಗೆ ನನ್ನ ಯಂತ್ರ ಕೇಳುತ್ತಿದ್ದ ಅಂಕ ಅರ್ಧಕ್ಕಿಳಿದಿತ್ತು!

ಕಾರಣ ಸರಳ. ಕೆಲಸ ಹಂಚುವ ಬಾಯಿಂಕ್ ತಂತ್ರಾಂಶ ಪ್ರೊಸೆಸರಿನ ವೇಗವನ್ನು ಬೇರೆಯೇ ಪರೀಕ್ಷೆಯಿಂದ ಅಳೆದು, ತಗುಲಿದ ಸಮಯದಿಂದ ಗುಣಿಸುತ್ತಿತ್ತು. ಪರೀಕ್ಷೆಯ ವೇಗ ಅಷ್ಟೇ, ಸಮಯ ಅರ್ಧ. ಹಾಗಾಗಿ ಅಂಕವೂ ಅರ್ಧ.

ನನ್ನೊಬ್ಬನ ನಷ್ಟವಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಒಂದೇ ತುಂಡನ್ನು ಹಲವರಿಗೆ ಕಳಿಸಿ, ಉತ್ತರಗಳು ತಾಳೆಯಾದರೆ ಮಾತ್ರ ಅಂಕ ಕೊಡುತ್ತಿದ್ದರು. ಮೂವರ ಬೇಡಿಕೆಯಲ್ಲಿ ಹೆಚ್ಚಿನದನ್ನೂ ಕಡಿಮೆಯದನ್ನೂ ಬಿಟ್ಟು, ಮಧ್ಯದ್ದನ್ನು ಎಲ್ಲರಿಗೂ ಕೊಡುತ್ತಿದ್ದರು. ಮೂವರಲ್ಲಿ ಇಬ್ಬರು ವೇಗದ ಆವೃತ್ತಿಯವರಾದರೆ ಮಧ್ಯದ ಬೇಡಿಕೆಯೇ ಚಿಕ್ಕದು. ಒಂದು ದಿನ ಕಣ್ಣಾರೆ ಕಂಡೆ: ಯಾರದೋ ಹಳೆಯ ಕಂಪ್ಯೂಟರ್ ಹನ್ನೊಂದು ಗಂಟೆ ದುಡಿದು ಮುಗಿಸಿದ ತುಂಡಿಗೆ, ನನ್ನದೂ ಇನ್ನೊಬ್ಬನದೂ ಸೇರಿ ಅವನಿಗೆ ಅರ್ಧ ಅಂಕ ಸಿಕ್ಕಿತ್ತು. ಅವನು ಯಾರೋ, ಯಾವ ದೇಶದವನೋ. ಮನಸ್ಸು ಚುಚ್ಚಿತು. ಇದನ್ನು ಸರಿದೂಗಿಸಲು ಕೆಲವರು ವೇಗಪರೀಕ್ಷೆಯ ಅಂಕಿಯನ್ನೇ ಏರಿಸಿಕೊಳ್ಳುತ್ತಿದ್ದರು. ನನಗೂ ಆಸೆಯಾಯಿತು. ಆದರೆ ಕಳ್ಳ ತಕ್ಕಡಿಯಿಂದ ನ್ಯಾಯ ತೂಗುವುದು ಹೇಗೆ?

ಆ ಭಾನುವಾರ ಸಾಗರದ ಮನೆಗೆ ಫೋನ್ ಮಾಡಿದಾಗ, ಮಾತಿಗೆ ಮಾತು ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಡಿಕೆ ಸುಲಿಯುವ ಕಾಲ. ಅಂಗಳದಲ್ಲಿ ಮೆಟ್ಟುಗತ್ತಿಗಳ ಸದ್ದು ಫೋನಿನಲ್ಲೇ ಕೇಳುತ್ತಿತ್ತು.

"ಅಲ್ವೋ, ಸುಲಿಯೋರಿಗೆ ಗಂಟೆ ಲೆಕ್ಕದಲ್ಲಿ ಕೂಲಿ ಕೊಡ್ತಾರೇನೋ?" ಎಂದಳು ಅಮ್ಮ. "ಹಾಗೆ ಕೊಟ್ರೆ ಕೈ ಚುರುಕಿದ್ದೋರು ಯಾಕೆ ಬರ್ತಾರೆ? ಡಬ್ಬದ ಲೆಕ್ಕ ಇಡಿ ಅಂತ ಹೇಳು. ನಿಧಾನ ಸುಲಿಯೋ ಅಜ್ಜಿಗೆ ಡಬ್ಬ ಕಮ್ಮಿ ಆಗಬಹುದು, ಡಬ್ಬದ ದರ ಕಮ್ಮಿ ಆಗಬಾರದು. ಅಡಿಕೆಗೆ ಕತ್ತಿ ತಾಗಿಸಿದ್ರೆ ಮಾತ್ರ, ಯಾರೇ ಆಗಲಿ, ಬಿಡಬೇಡ."

ಅಮ್ಮ ಕಂಪ್ಯೂಟರ್ ಮುಟ್ಟಿದವಳಲ್ಲ. 2006ರಲ್ಲಿ ಸೆಟಿಯ ಹೊಸ ಆವೃತ್ತಿ ಬಂದಾಗ ಸಮಯದ ಬದಲು, ತುಂಡಿನಲ್ಲಿ ಮಾಡಿದ ಲೆಕ್ಕಾಚಾರಗಳನ್ನೇ ಎಣಿಸಿ ಅಂಕ ಕೇಳುವ ಪದ್ಧತಿ ಬಂತು. ಡಬ್ಬದ ಲೆಕ್ಕವೇ! ಉತ್ತರ ತಾಳೆ ನೋಡುವುದು ಮಾತ್ರ ಹಾಗೆಯೇ ಉಳಿಯಿತು. ಎಷ್ಟೇ ವೇಗವಿರಲಿ, ತಪ್ಪಿದರೆ ಅಂಕವಿಲ್ಲ. ಅಂಕದ ಪದ್ಧತಿ ಮುಂದೆಯೂ ಬದಲಾಯಿತು, ಜಗಳಗಳೂ ನಿಲ್ಲಲಿಲ್ಲ. ಆದರೆ ನನ್ನ ವೇಗಕ್ಕೆ ಇನ್ನೊಬ್ಬ ದಂಡ ತೆರುತ್ತಿಲ್ಲವೆಂಬ ಸಮಾಧಾನ ನನಗಾಯಿತು.

2020ರ ಮಾರ್ಚ್ 31ರಂದು ಸೆಟಿ ಹೊಸ ತುಂಡುಗಳನ್ನು ಕಳಿಸುವುದು ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ಅರೆಸಿಬೊ ದೂರದರ್ಶಕವೂ ಕುಸಿದುಬಿತ್ತು. ಲಾಕ್‌ಡೌನಿನ ಆ ಮೊದಲ ರಾತ್ರಿಗಳಲ್ಲಿ ರಸ್ತೆಯಲ್ಲೂ ಸದ್ದಿಲ್ಲ, ಹಾಲ್‌ನಲ್ಲೂ ಇಲ್ಲ. ಬೆಳಿಗ್ಗೆ ಕಾಫಿ ಕೊಡುತ್ತಾ ಹೆಂಡತಿ ಮೂಲೆಯತ್ತ ನೋಡಿದಳು.

"ಯಾಕ್ರೀ, ನಿಮ್ಮ ಕಂಪ್ಯೂಟರ್ ಸುಮ್ಮನಾಗಿದೆ?" ಎಂದಳು. ಕರೆಂಟ್ ಬಿಲ್ಲಿನ ಮಾತು ಆಡಲಿಲ್ಲ.