ಕಲ್ಲಿನ ಲೆಕ್ಕ ಓದುವ ಮೊಮ್ಮಗಳು

"ಮೊಮ್ಮಗಳು ಏನು ಓದುತ್ತಿದ್ದಾಳೆ?" ಎಂದು ಕೇಳಿದವರಿಗೆ "ಭೂವಿಜ್ಞಾನ" ಎಂದರೆ ಹತ್ತರಲ್ಲಿ ಎಂಟು ಜನ "ಓ, ಭೂಗೋಳವೇ?" ಎನ್ನುತ್ತಾರೆ. ಉಳಿದ ಇಬ್ಬರು "ಇಂಜಿನಿಯರಿಂಗ್ ಸೀಟು ಸಿಗಲಿಲ್ಲವೇ, ಪಾಪ" ಎನ್ನುತ್ತಾರೆ. ಸೀಟು ಸಿಕ್ಕಿತ್ತು, ಅವಳೇ ಬೇಡವೆಂದಳು. ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ.

ರಜೆಗೆ ಬಂದರೆ ಅವಳ ಚೀಲ ಎತ್ತಲು ಇಬ್ಬರು ಬೇಕು. ಒಂದು ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ, ಮಿಕ್ಕಿದ್ದೆಲ್ಲ ಕಲ್ಲು. ಅದರಲ್ಲೊಂದನ್ನು ಅವಳ ಅಜ್ಜಿ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟುಕೊಂಡಿದ್ದಾಳೆ. ಕಾಲೇಜಿನಲ್ಲಿ ಇಂಥ ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಬೆಳಕು ಹಾಯುವಷ್ಟು ತೆಳುವಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ಬೂದು ಕಲ್ಲಿನೊಳಗೆ ಮೈಸೂರು ರೇಷ್ಮೆಯ ಬಣ್ಣಗಳಿರುತ್ತವೆ ಎನ್ನುತ್ತಾಳೆ.

ಜಾಡಿಯ ಮೇಲಿರುವ ಕಲ್ಲಿನ ಹೆಸರು ನೈಸ್. ಮಕ್ಕಳೇ, ನೈಸ್ ಎಂದರೆ ನುಣುಪು ಎಂದುಕೊಳ್ಳಬೇಡಿ. ಇದು ಒರಟೊರಟಾಗಿ, ಕಪ್ಪು ಬಿಳಿ ಪಟ್ಟೆಗಳಿಂದ ಕೂಡಿದ ಕಲ್ಲು. ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದರೆ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ನೋಡಿ. ಅದೂ ನೈಸೇ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು 1916ರಲ್ಲಿ ಇದಕ್ಕೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ ವರ್ಷ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ.

"ಹುಟ್ಟಿದ ದಿನದ ಸರ್ಟಿಫಿಕೇಟು ಯಾರು ಕೊಟ್ಟರು?" ಎಂದು ನಾನು ಕೇಳಿದೆ. ಅವಳು ಹೇಳಿದ ಉತ್ತರ ಬಿ.ಕಾಂ. ಓದಿದವನಿಗೆ ಚೆನ್ನಾಗಿ ಅರ್ಥವಾಯಿತು. ಇಂಥ ಕಲ್ಲಿನಲ್ಲಿ ಜಿರ್ಕಾನ್ ಎಂಬ ಸಾಸಿವೆಗಿಂತ ಚಿಕ್ಕ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎಂದರೆ ಸೀಸದ ಖಾತೆಯ ಆರಂಭಿಕ ಶಿಲ್ಕು ಸೊನ್ನೆ! ಆಮೇಲೆ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ. ಅದರ ಮುಖ್ಯ ಬಗೆ ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು ಬೆಳೆದಿದೆ ಎಂದು ಅಳೆದರೆ ಖಾತೆ ತೆರೆದ ಕಾಲ ಗೊತ್ತಾಗುತ್ತದೆ. ಮೂವತ್ತೈದು ವರ್ಷ ಲೆಡ್ಜರ್ ಬರೆದಿದ್ದೇನೆ, ಇಷ್ಟು ಹಳೆಯ ಖಾತೆ ಕಂಡಿರಲಿಲ್ಲ.

ಆದರೆ ಅವಳ ಓದು ನಮ್ಮ ಮನೆಯೊಳಗೆ ಬಂದದ್ದು ವಯಸ್ಸಿನ ಲೆಕ್ಕದಿಂದಲ್ಲ, ನೀರಿನ ಲೆಕ್ಕದಿಂದ.

ನಮ್ಮದು ತುಮಕೂರು ಜಿಲ್ಲೆಯ ಬಯಲು ಸೀಮೆ. ಬ್ಯಾಂಕಿನಲ್ಲಿ ಬೋರ್‌ವೆಲ್ ಸಾಲದ ಅರ್ಜಿಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ನೀರು ಬಾರದ ಬೋರಿಗೂ ಕಂತು ಕಟ್ಟಲೇಬೇಕು. ಖಾಲಿ ಕೊಳವೆಯ ಸಾಲ ತೀರಿಸಲು ಎತ್ತು ಮಾರಿ ಬಂದವರ ನೋಟು ಎಣಿಸಿದ ಕೈ ಇದು.

ಊರಿನಲ್ಲಿ ತಮ್ಮನ ಎರಡು ಬೋರು ಈಗಾಗಲೇ ಕೈಕೊಟ್ಟಿದ್ದವು. ಮೂರನೆಯದಕ್ಕೆ ಹೆಂಡತಿಯ ಎರಡೆಳೆ ಸರ ಅಡವಿಡಲು ಹೊರಟಿದ್ದ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ನೀರು ನೋಡುವವರು ಹುಣಸೆಮರದ ಬಳಿ ಜಾಗ ತೋರಿಸಿದ್ದರು. ಅದೇ ಸಮಯಕ್ಕೆ ಮೊಮ್ಮಗಳು ಇಬ್ಬರು ಗೆಳತಿಯರೊಂದಿಗೆ, ಒಂದು ಉಪಕರಣ ಹಿಡಿದು ಬಂದಳು. ನೆಲಕ್ಕೆ ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಸಲಾಕೆ. ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುವುದು. ಗಟ್ಟಿ ಬಂಡೆ ವಿದ್ಯುತ್ತನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಬಿಟ್ಟುಕೊಡುತ್ತದೆ. ಸಲಾಕೆಗಳನ್ನು ದೂರ ಸರಿಸಿದಷ್ಟೂ ಆಳದ ಸುದ್ದಿ. ಜೇಡಿಮಣ್ಣೂ ವಿದ್ಯುತ್ತನ್ನು ಬಿಡುವುದರಿಂದ ಇದೊಂದನ್ನೇ ನಂಬಬಾರದು, ಸುತ್ತಲಿನ ಕಲ್ಲನ್ನೂ ನೋಡಬೇಕು ಎಂದು ಅವಳೇ ಹೇಳಿದಳು. ಆ ಮಾತಿನಿಂದ ನನಗೆ ಅವಳ ಮೇಲೆ ನಂಬಿಕೆ ಹೆಚ್ಚಿತು. ಖಂಡಿತ ನೀರು ಬರುತ್ತದೆ ಎಂದು ಎದೆ ತಟ್ಟಿ ಹೇಳುವವರನ್ನು ಬಹಳ ನೋಡಿದ್ದೇನೆ.

ಎರಡು ದಿನ ಬಿಸಿಲಿನಲ್ಲಿ ಅಲೆದು ಅವಳು ಹೇಳಿದ್ದಿಷ್ಟು: "ಚಿಕ್ಕತಾತ, ಹುಣಸೆಮರದ ಕೆಳಗೆ ಸ್ವಲ್ಪ ಆಳಕ್ಕೇ ಇಡೀ ಬಂಡೆ. ನಮ್ಮ ಕಡೆ ನೀರು ಕೆರೆಯ ಹಾಗೆ ಕೆಳಗೆ ನಿಂತಿರುವುದಿಲ್ಲ, ಬಿರುಕಿನಲ್ಲಿ ಮಾತ್ರ ಇರುತ್ತದೆ. ಬಿರುಕೇ ಇಲ್ಲದಲ್ಲಿ ಸಾವಿರ ಅಡಿ ಹೋದರೂ ಧೂಳೇ." ಹೊಲದ ನಡುವೆ ಸಾಲಾಗಿ ತಲೆಯೆತ್ತಿದ ಕರಿಕಲ್ಲುಗಳನ್ನೂ ತೋರಿಸಿದಳು. ಚಿಕ್ಕಂದಿನಲ್ಲಿ ನಾವು ಅದರ ಮೇಲೆ ಕುದುರೆ ಆಟ ಆಡಿದ್ದೆವು. ಕೋಟ್ಯಂತರ ವರ್ಷಗಳ ಹಿಂದೆ ಕರಗಿದ ಕಲ್ಲು ನೈಸಿನ ಬಿರುಕಿಗೆ ನುಗ್ಗಿ ಗೋಡೆಯಂತೆ ಗಟ್ಟಿಯಾದದ್ದಂತೆ ಅದು. ಇಂಥ ಗೋಡೆ ನೆಲದೊಳಗಿನ ನೀರಿಗೆ ಅಣೆಕಟ್ಟಾಗುವುದುಂಟು. ನಮ್ಮ ಅಜ್ಜ ತೋಡಿಸಿದ ಹಳೆಯ ಬಾವಿ ಆ ಗೋಡೆಯ ಮೇಲ್ಗಡೆಯ ಬದಿಗೇ ಇದೆ! ಅಜ್ಜನಿಗೆ ಅದನ್ನು ಯಾರು ಹೇಳಿಕೊಟ್ಟರೋ. ಅದರ ಹೂಳೆತ್ತಿ, ಮಳೆನೀರು ಜಲ್ಲಿ ಮರಳಿನ ಗುಂಡಿಯಲ್ಲಿ ಸೋಸಿ ಬಾವಿಗೆ ಇಳಿಯುವಂತೆ ಮಾಡಿ ಎಂಬುದು ಅವಳ ಸಲಹೆ.

ತಮ್ಮ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅರವತ್ತಾರು ವರ್ಷ ಆ ಮಣ್ಣು ತುಳಿದವನಿಗೆ ಇಪ್ಪತ್ತೆರಡರ ಹುಡುಗಿ ಹೇಳುವುದೆಂದರೆ ಸುಲಭವಲ್ಲ. ಮೂರನೆಯ ದಿನ ರಿಗ್ ಲಾರಿಯವನಿಗೆ ಫೋನ್ ಮಾಡಿ "ಈ ಸಲ ಬೇಡಪ್ಪ" ಎಂದ. ತೆಂಗಿನಕಾಯಿ ಅಂದಿನ ದೋಸೆಯ ಚಟ್ನಿಗಾಯಿತು.

ಸರ ನಾದಿನಿಯ ಕೊರಳಲ್ಲೇ ಇದೆ. ಬಾವಿಯಲ್ಲಿ ಒಂದಾಳು ಹೂಳು ತೆಗೆದಾಗಿದೆ. ಗೋಡೆಯ ಕಲ್ಲು ತೇವವಾಗಿ ಕಾಣುತ್ತಿದೆಯೆಂದು ನಿನ್ನೆ ತಮ್ಮ ಫೋನ್ ಮಾಡಿದ್ದ, ನನಗಲ್ಲ, ಅವಳಿಗೆ.